ಕಾರ್ತಿಕದ ನಾಯಿ, ಒಂಟಿ ತೋಳ

ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಸೀಮೆಯ ಕುರಿ ಹಟ್ಟಿಗಳಲ್ಲಿ ಒಂದು ಮಾತು ಆಗಾಗ ಕಿವಿಗೆ ಬೀಳುತ್ತದೆ: "ಅದು ತ್ವಾಳನೂ ಅಲ್ರಿ, ನಾಯಿನೂ ಅಲ್ಲ." ಮೈ ಬೂದಿಯಲ್ಲ, ಹಣ್ಣಾದ ಜೋಳದ ದಂಟಿನ ಹಳದಿ. ಬಾಲ ಪೂರ್ತಿ ಇಳಿಬಿದ್ದಿಲ್ಲ. ಕವಣೆ ಬೀಸಿದರೆ ತೋಳದ ಹಾಗೆ ಒಂದೇ ಓಟಕ್ಕೆ ದಿನ್ನೆ ದಾಟುವುದಿಲ್ಲ, ನೂರು ಹೆಜ್ಜೆ ಹೋಗಿ ನಿಂತು ಹೊರಳಿ ನೋಡುತ್ತದೆ. ಹೀಗೆ ಹೇಳುವವರು ಸಾಮಾನ್ಯವಾಗಿ ಹತ್ತನೇ ವಯಸ್ಸಿಗೇ ಕಂಬಳಿ ಹೊತ್ತು ಹಿಂಡಿನ ಹಿಂದೆ ಹೊರಟವರು, ಕಾಲು ಮೈಲಿ ದೂರದಿಂದ ಬರೀ ನಡಿಗೆ ನೋಡಿ ತೋಳ ಯಾವುದು, ನರಿ ಯಾವುದು ಎಂದು ಹೇಳಬಲ್ಲವರು. ಅಂಥವರಿಗೇ ಅನುಮಾನ ಬಂದಿದೆ ಎಂದಮೇಲೆ ಆ ಮಾತನ್ನು ಹಗುರವಾಗಿ ತಳ್ಳಿಹಾಕಲು ಬರುವುದಿಲ್ಲ. ಹಾಗೆಂದು ಮೊಬೈಲಿನ ಮಸುಕು ಫೋಟೋ ನೋಡಿದ ಕೂಡಲೇ "ಸಂಕರ ತೋಳ ಬಂತು" ಎಂದು ವಾಟ್ಸಾಪ್ ಗುಂಪಿನಲ್ಲಿ ಹರಿಬಿಡುವುದೂ ಸರಿಯಲ್ಲ. ಈ ಎರಡರ ನಡುವೆ ನಿಂತು ಯೋಚಿಸುವುದಕ್ಕೆ ಸ್ವಲ್ಪ ಹೊತ್ತು ಬೇಕು.

ಯೋಚಿಸಲೇಬೇಕಾದ ಕಾರಣವೂ ಇದೆ. ಮಹಾರಾಷ್ಟ್ರದ ಪುಣೆ ಜಿಲ್ಲೆಯ ಹುಲ್ಲುಗಾವಲಿನಲ್ಲಿ ಬಣ್ಣದಲ್ಲಿ ಬೇರೆಯಾಗಿ ಕಂಡ ತೋಳಗಳನ್ನು ಅಲ್ಲಿನ ನಿಸರ್ಗಪ್ರಿಯರು ಗುರುತಿಸಿದರು. ಬೆಂಗಳೂರಿನ ಎನ್‌ಸಿಬಿಎಸ್ (ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ) ಮತ್ತು ಪರಿಸರ ಸಂಶೋಧನೆ ನಡೆಸುವ ಏಟ್ರೀ ಸಂಸ್ಥೆಗಳ ವಿಜ್ಞಾನಿಗಳು ವಂಶವಾಹಿ ಪರೀಕ್ಷೆ ನಡೆಸಿ, ಅಲ್ಲಿ ತೋಳ ಮತ್ತು ನಾಯಿಯ ಬೆರಕೆ ನಡೆದಿದೆ ಎಂದು 2023ರಲ್ಲಿ ಪ್ರಕಟಿಸಿದರು. ಭಾರತದಲ್ಲಿ ಇದು ವಂಶವಾಹಿಯಿಂದಲೇ ಸಾಬೀತಾದ ಮೊದಲ ಪ್ರಕರಣ. ಪುಣೆ ನಮಗೆ ದೂರವೆನಿಸಬಹುದು, ತೋಳಕ್ಕೆ ಹಾಗಲ್ಲ. ಭೀಮೆ ದಾಟಿದರೆ ವಿಜಯಪುರ, ಕೃಷ್ಣೆ ದಾಟಿದರೆ ರಾಯಚೂರು, ಕೊಪ್ಪಳ. ಎಲ್ಲವೂ ಒಂದೇ ದಖ್ಖನಿನ ಒಣನೆಲ. ಅದೇ ಕುರಿ ಹಿಂಡು, ಅದೇ ಹಟ್ಟಿ ನಾಯಿ, ಊರಾಚೆ ಅದೇ ಸತ್ತ ಕುರಿಗಳ ಗುಂಡಿ. ಅಲ್ಲಿ ಬೆರಕೆಗೆ ದಾರಿಯಾದ ಸಂಗತಿಗಳಲ್ಲಿ ಇಲ್ಲಿ ಇಲ್ಲದ್ದು ಒಂದೂ ಇಲ್ಲ.

ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ 332 ಎಕರೆಯ ತೋಳಧಾಮವಿದೆ. ದೇಶದಲ್ಲಿ ತೋಳಕ್ಕೆಂದೇ ಮೀಸಲಾದ ಜಾಗಗಳು ಬೆರಳೆಣಿಕೆಯಷ್ಟು. ಜಾರ್ಖಂಡಿನ ಮಹುವಾಡಾಂಡ್ 1976ರಲ್ಲಿ ಆಯಿತು, ನಮ್ಮದೇ ಮೇಲುಕೋಟೆ 1974ರಲ್ಲಿ. ಬಂಕಾಪುರ ಈ ಸಾಲಿಗೆ ಸೇರಿದ್ದು ಈ ಸೀಮೆಯವರು ಎದೆಯುಬ್ಬಿಸಿ ಹೇಳಬೇಕಾದ ಸಂಗತಿ. ಆದರೆ 332 ಎಕರೆ ಎಂದರೆ ಒಂದೂಕಾಲು ಚದರ ಕಿಲೋಮೀಟರಿಗಿಂತ ತುಸು ಹೆಚ್ಚು, ಅಷ್ಟೆ. ಒಂದು ತೋಳದ ಗುಂಪು ತಿರುಗಾಡುವ ಸರಹದ್ದು ನೂರು ಚದರ ಕಿಲೋಮೀಟರನ್ನೂ ಮೀರುತ್ತದೆ. ಮರಿ ಹಾಕುವುದು ಧಾಮದೊಳಗಿನ ಗುಂಡುಗಲ್ಲುಗಳ ಪೊಟರೆಯಲ್ಲೇ ಇರಬಹುದು. ಹೊಟ್ಟೆ ತುಂಬಿಸಿಕೊಳ್ಳುವುದು, ಜೊತೆ ಹುಡುಕುವುದು ಎಲ್ಲ ಹೊರಗೆ, ನಮ್ಮ ಹೊಲ, ಹಳ್ಳ, ಬೀಳುಭೂಮಿಯಲ್ಲಿ. ನಾಯಿ ಎದುರಾಗುವುದೂ ಅಲ್ಲೇ.

ಕಣ್ಣು ಎಲ್ಲಿ ತಪ್ಪುತ್ತದೆ

ಮೊದಲು ಯಾವುದು ಯಾವುದರ ಜೊತೆ ಕೂಡಬಲ್ಲದು ಎಂಬುದನ್ನು ಬಿಡಿಸಿಕೊಳ್ಳೋಣ, ಇಲ್ಲಿ ಗೊಂದಲ ಬಹಳ. ಗುಳ್ಳೆನರಿ ನಾಯಿಯ ಜೊತೆ ಬೆರೆಯುವುದಿಲ್ಲ, ಅದರ ವರ್ಣತಂತುಗಳ ಸಂಖ್ಯೆಯೇ ಬೇರೆ. ಸೀಳುನಾಯಿ ಹೆಸರಿಗೆ ಮಾತ್ರ ನಾಯಿ, ಕುಲ ಬೇರೆ. ಕತ್ತೆಕಿರುಬ ನಾಯಿಯ ಕುಟುಂಬಕ್ಕೇ ಸೇರಿದ್ದಲ್ಲ, ಆದ್ದರಿಂದ "ಕಿರುಬ ಮತ್ತು ನಾಯಿಯ ಮರಿ" ಎಂಬ ಮಾತು ಎಲ್ಲಿ ಕೇಳಿದರೂ ಅದನ್ನು ಅಲ್ಲಿಗೇ ಬಿಡಬಹುದು. ತೋಳ, ನಾಯಿ, ನರಿ (ಜಾಕಲ್) ಈ ಮೂರಕ್ಕೂ ವರ್ಣತಂತುಗಳು 78. ನರಿ ಮತ್ತು ನಾಯಿಯ ಬೆರಕೆ ಕ್ರೊಯೇಷಿಯಾದಲ್ಲಿ ವಂಶವಾಹಿಯಿಂದ ದೃಢಪಟ್ಟಿದೆ, ಆದರೂ ಅದು ಅಪರೂಪ. ತೋಳ ಮತ್ತು ನಾಯಿಯ ನಡುವೆ ಮಾತ್ರ ಅಂಥ ಅಡ್ಡಿಯೇ ಇಲ್ಲ. ನಾಯಿ ಹುಟ್ಟಿದ್ದೇ ತೋಳದ ವಂಶದಿಂದ. ಕೂಡಿದರೆ ಮರಿಯಾಗುತ್ತದೆ, ಆ ಮರಿಗೂ ಮರಿಯಾಗುತ್ತದೆ. ಕುದುರೆ ಮತ್ತು ಕತ್ತೆಗೆ ಹುಟ್ಟಿದ ಹೇಸರಗತ್ತೆಯ ಹಾಗೆ ಅಲ್ಲಿಗೆ ಮುಗಿಯುವ ಕಥೆಯಲ್ಲ ಇದು.

ನಮ್ಮ ಬಯಲುಸೀಮೆಯ ತೋಳ ಸಣ್ಣ ಮೈಯದು. ಗಂಡು 19ರಿಂದ 25 ಕಿಲೋ, ಹೆಣ್ಣು 17ರಿಂದ 22. ಕಾಲು ಉದ್ದ, ಎದೆ ಕಿರಿದು. ಎದುರಿನಿಂದ ನೋಡಿದರೆ ಮುಂಗಾಲುಗಳೆರಡೂ ಒಂದಕ್ಕೊಂದು ತಾಗುವಂತೆ ಕಾಣುತ್ತವೆ. ನಾಯಿಯ ಎದೆ ಅಗಲವಾದ್ದರಿಂದ ಕಾಲುಗಳ ನಡುವೆ ಸಂದು ಇರುತ್ತದೆ. ಕಣ್ಣು ಜೇನಿನ ಹಳದಿ. ಬಾಲ ನೆಟ್ಟಗೆ ಇಳಿಬಿದ್ದು ಹಿಂಗಾಲಿನ ಮೊಣಕಿನವರೆಗೆ ಬರುತ್ತದೆ, ತುದಿ ಕಪ್ಪು. ಸೊಂಟದ ಮೇಲೆ ಸುರುಳಿ ಸುತ್ತುವ ಬಾಲ ತೋಳದ್ದಲ್ಲ. ನಡಿಗೆಯ ಗುರುತು ಇನ್ನೂ ನಂಬಿಕೆಯದ್ದು. ಮಳೆ ಬಿದ್ದ ಮರುದಿನ ಎರೆಹೊಲದ ಬದುವಿನ ಮೇಲೆ ನೋಡಿದರೆ ತೋಳದ ಹೆಜ್ಜೆ ನೂಲು ಹಿಡಿದ ಹಾಗೆ ಒಂದೇ ಸಾಲಿನಲ್ಲಿ ಹೋಗಿರುತ್ತದೆ, ಮುಂಗಾಲು ಊರಿದ ಜಾಗದಲ್ಲೇ ಹಿಂಗಾಲು ಬಿದ್ದಿರುತ್ತದೆ. ನಾಯಿ ಅತ್ತ ಮೂಸಿ, ಇತ್ತ ಹೊರಳಿ, ಗಿಡ ಕಂಡಲ್ಲೆಲ್ಲ ನಿಂತು ಹೋಗಿರುತ್ತದೆ. ಹೊಟ್ಟೆ ತುಂಬಿದ ನಾಯಿಗೆ ಅಡ್ಡಾಡಲು ಪುರಸತ್ತಿದೆ, ತೋಳಕ್ಕೆ ಇಲ್ಲ. ಆದರೆ ಹೆಜ್ಜೆಯ ಅಳತೆಯೊಂದನ್ನೇ ನಂಬಬಾರದು, ದೊಡ್ಡ ಹಟ್ಟಿ ನಾಯಿಯ ಹೆಜ್ಜೆ ತೋಳದ ಹೆಜ್ಜೆಯಷ್ಟೇ ಇರುತ್ತದೆ.

ಬೆರಕೆಯ ಅನುಮಾನ ಹುಟ್ಟಿಸುವ ಗುರುತುಗಳು ಬೇರೆ: ಮೈಮೇಲೆ ಬೂದು ಮತ್ತು ಕಪ್ಪು ಕೂದಲ ಬೆರಕೆಯಿಲ್ಲದ ಒಂದೇ ಬಣ್ಣದ ಹಳದಿ, ಪಾದದಲ್ಲಿ ಹಾಲುಬಿಳಿಯ ಕಾಲ್ಚೀಲದಂಥ ಪಟ್ಟೆ, ಕಪ್ಪಾಗಿರಬೇಕಾದ ಉಗುರು ಬೆಳ್ಳಗಿರುವುದು, ಬಾಗಿದ ಕಿವಿತುದಿ, ಮೇಲಕ್ಕೆ ಬಾಗಿದ ಬಾಲ, ಹಿಂಗಾಲಿನ ಒಳಬದಿಯಲ್ಲಿ ನೆಲಕ್ಕೆ ತಾಗದ ಐದನೇ ಉಗುರು. ಈ ಕೊನೆಯ ಗುರುತನ್ನು ಇಟಲಿಯ ತೋಳ ತಜ್ಞರು ಬಹಳ ವರ್ಷದಿಂದ ಗಮನಿಸುತ್ತಿದ್ದಾರೆ.

ಇಲ್ಲೇ ಎಡವುವುದು. ಬೇಸಿಗೆಯಲ್ಲಿ ತೋಳ ಕೂದಲು ಉದುರಿಸುತ್ತದೆ, ಆಗ ಬೂದು ಹೋಗಿ ಕೆಳಗಿನ ಹಳದಿ ಕಾಣುತ್ತದೆ. ತುರಿಕಜ್ಜಿ ಹತ್ತಿದ ತೋಳದ ಬಾಲ ಇಲಿಬಾಲದಂತಾಗಿ ಗುರುತೇ ಸಿಗುವುದಿಲ್ಲ. ಸಂಜೆಯ ಬೆಳಕು ಎಲ್ಲವನ್ನೂ ಹೊಂಬಣ್ಣ ಮಾಡಿ ತೋರಿಸುತ್ತದೆ. ಇದಕ್ಕಿಂತ ದೊಡ್ಡ ತೊಡಕು ಲೆಕ್ಕದ್ದು. ಮೊದಲ ತಲೆಮಾರಿನಲ್ಲಿ ಅರ್ಧ ನಾಯಿ. ಅದು ಮತ್ತೆ ತೋಳದ ಜೊತೆ ಕೂಡಿದರೆ ಮರಿಯಲ್ಲಿ ಕಾಲು ಭಾಗ, ಆಮೇಲೆ ಅರೆಕಾಲು. ಮೂರು, ನಾಲ್ಕು ತಲೆಮಾರು ಕಳೆದರೆ ಎಂಥ ಅನುಭವಿಯ ಕಣ್ಣಿಗೂ ಅದು ತೋಳವೇ. ಉತ್ತರ ಅಮೆರಿಕದ ಕಪ್ಪು ತೋಳಗಳನ್ನು ನೋಡಿದವರು ಅಪ್ಪಟ ಕಾಡಿನ ಸೊಬಗು ಎಂದುಕೊಳ್ಳುತ್ತಾರೆ. ಆ ಕಪ್ಪಿನ ವಂಶವಾಹಿ ಹಿಂದೆಂದೋ ನಾಯಿಗಳಿಂದ ಬಂದದ್ದು ಎಂದು 2009ರಲ್ಲಿ ಗೊತ್ತಾಯಿತು. ಕಣ್ಣಿಗೆ ಕಾಣುವ ವಿಚಿತ್ರ ಪ್ರಾಣಿ ನಿಜವಾಗಿ ಬೆರಕೆಯೇ ಆಗಿದ್ದರೆ ಅದು ಬೆರಕೆಯ ಮೊದಲ ಹಂತ. ಕಣ್ಣಿಗೆ ಕಾಣದಂತಾದಾಗ ವಿಷಯ ಕೈಮೀರಿರುತ್ತದೆ.

ಹಾಗಾಗಿ ಪರೀಕ್ಷೆ ಬೇಕು, ಅದಕ್ಕೆ ಪ್ರಾಣಿಯನ್ನು ಹಿಡಿಯಬೇಕಾಗಿಲ್ಲ. ಹಿಕ್ಕೆ ಸಾಕು. ತೋಳ ದಾರಿ ಕೂಡುವ ಜಾಗದಲ್ಲಿ, ಕಲ್ಲಿನ ಮೇಲೆ, ಎದ್ದು ಕಾಣುವಂತೆ ಹಿಕ್ಕೆ ಹಾಕುತ್ತದೆ. ಅಂದಿನದೇ, ಇನ್ನೂ ಹಸಿಯಿರುವ ಹಿಕ್ಕೆ ಬೇಕು. ಒಳಗೆ ತಿಂದ ಕುರಿಯ ಉಣ್ಣೆ, ಎಲುಬು ಇರುತ್ತದೆ. ತೋಳದ ಕರುಳಿನ ಕೋಶಗಳು ಅಂಟಿಕೊಂಡಿರುವುದು ಹೊರಮೈಗೆ. ಕೈಗವಸು ಹಾಕಿಕೊಂಡು ಹೊರಪದರದಿಂದ ಕಡಲೆಕಾಳು ಗಾತ್ರದ ಎರಡು ಮೂರು ಚೂರು ಕೆರೆದು, ಅದರ ನಾಲ್ಕೈದು ಪಟ್ಟು ಶೇ. 95ರ ಎಥನಾಲ್ ಇರುವ ಮುಚ್ಚಳದ ಕೊಳವೆಗೆ ಹಾಕಬೇಕು. ದಿನಾಂಕ, ಜಾಗ, ಎತ್ತಿದವರ ಹೆಸರನ್ನು ಪೆನ್ಸಿಲ್ಲಿನಲ್ಲಿ ಬರೆಯಬೇಕು, ಪೆನ್ನಿನ ಮಸಿ ಎಥನಾಲ್ ತಾಗಿದರೆ ಅಳಿಸಿಹೋಗುತ್ತದೆ. ರಾಯಚೂರಿನ ಬಿಸಿಲಿನಲ್ಲಿ ಎರಡು ದಿನ ಒಣಗಿದ, ಇಲ್ಲವೇ ಮಳೆಯಲ್ಲಿ ತೊಯ್ದ ಹಿಕ್ಕೆಯಿಂದ ಓದಲು ಬರುವಂಥದ್ದು ಹೆಚ್ಚೇನೂ ಸಿಗುವುದಿಲ್ಲ. ಇನ್ನೊಂದು ಎಚ್ಚರ: ಮೈಟೊಕಾಂಡ್ರಿಯಾದ ಪರೀಕ್ಷೆಯೊಂದನ್ನೇ ಮಾಡಿಸಿದರೆ ತಾಯಿಯ ವಂಶ ಮಾತ್ರ ಗೊತ್ತಾಗುತ್ತದೆ. ಬೆರಕೆ ಹೆಚ್ಚಾಗಿ ಹೆಣ್ಣು ತೋಳ ಮತ್ತು ಗಂಡು ನಾಯಿಯ ನಡುವೆ ಆಗುವುದರಿಂದ, ಬೆರಕೆ ಮರಿಯೂ ಆ ಪರೀಕ್ಷೆಯಲ್ಲಿ "ತೋಳ" ಎಂದೇ ಬರುತ್ತದೆ. ಜೀವಕೋಶದ ಕೇಂದ್ರದ ಡಿಎನ್‌ಎ ನೋಡಲೇಬೇಕು. ತೋಳ ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಮೊದಲನೇ ಅನುಸೂಚಿಯ ಪ್ರಾಣಿ, ಆದ್ದರಿಂದ ಮಾದರಿ ಎತ್ತುವುದಿದ್ದರೂ ಅರಣ್ಯ ಇಲಾಖೆಯ ಒಪ್ಪಿಗೆ ಪಡೆದೇ ಎತ್ತಬೇಕು.

ಕಾರ್ತಿಕ

"ಕಾರ್ತಿಕದ ನಾಯಿ" ಎನ್ನುವುದು ನಮ್ಮಲ್ಲಿ ಬೈಗುಳ. ಆ ಬೈಗುಳದ ಒಳಗೆ ಒಂದು ಅಚ್ಚುಕಟ್ಟಾದ ಗಮನಿಕೆ ಇದೆ. ಊರ ನಾಯಿಗಳು ವರ್ಷಕ್ಕೆ ಎರಡು ಬಾರಿ ಬೆದೆಗೆ ಬರಬಲ್ಲವಾದರೂ, ಮಳೆಗಾಲ ಮುಗಿಯುತ್ತ ಬರುವ ದಿನಗಳಲ್ಲಿ ಅವುಗಳ ಕೂಟ ಜೋರು. ತೋಳ ವರ್ಷಕ್ಕೆ ಒಂದೇ ಸಲ ಬೆದೆಗೆ ಬರುತ್ತದೆ. ನಮ್ಮ ಸೀಮೆಯಲ್ಲಿ ಅದೂ ಮಳೆ ಹಿಂದಾದ ಮೇಲೆ, ಅಕ್ಟೋಬರಿನಿಂದ ಡಿಸೆಂಬರಿನ ನಡುವೆ. ಎರಡೂ ಬಸುರು ಹೊರುವುದು ಎರಡು ತಿಂಗಳು ಆಸುಪಾಸು. ಎರಡರ ಪಂಚಾಂಗ ಒಂದರ ಮೇಲೊಂದು ಬೀಳುವುದು ಕಾರ್ತಿಕದಲ್ಲಿ. ಹಿಂಗಾರಿ ಜೋಳ, ಕಡಲೆ ಬಿತ್ತನೆ ಮುಗಿದು, ಮುಂಗಾರಿ ಬೆಳೆ ಕೊಯ್ದ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸುವ ಕಾಲವೂ ಅದೇ. ಅಂದರೆ ಹಟ್ಟಿ ನಾಯಿಗಳು ಊರು ಬಿಟ್ಟು ತೋಳದ ಸರಹದ್ದಿನ ನಟ್ಟನಡುವೆ ರಾತ್ರಿ ಕಳೆಯುವುದೂ ಆಗಲೇ.

ಆದರೂ ತೋಳ ಸುಮ್ಮನೆ ನಾಯಿಯ ಜೊತೆ ಕೂಡುವುದಿಲ್ಲ. ಗುಂಪು ಗಟ್ಟಿಯಾಗಿದ್ದರೆ ನಾಯಿಯನ್ನು ಅಟ್ಟುತ್ತದೆ, ಕೊಲ್ಲುತ್ತದೆ, ತಿನ್ನುವುದೂ ಉಂಟು. ಅದಕ್ಕೇ ಕುರುಬರು ನಾಯಿಯ ಕೊರಳಿಗೆ ಕಬ್ಬಿಣದ ಮುಳ್ಳಿನ ಪಟ್ಟಿ ಹಾಕುವುದು. ತೋಳ ನಾಯಿಯನ್ನು ಒಲ್ಲೆ ಎನ್ನುವ ಈ ಗೋಡೆ ಬೀಳುವುದು ತೋಳ ಒಂಟಿಯಾದಾಗ. ನಮ್ಮಲ್ಲಿ ಗುಂಪೆಂದರೆ ಎರಡರಿಂದ ಐದಾರು ತೋಳ. ಅದರಲ್ಲಿ ಗಂಡು ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕಿತೋ, ಸತ್ತ ಕುರಿಗೆ ಯಾರೋ ಹಾಕಿದ ವಿಷ ತಿಂದಿತೋ, ಹೆಣ್ಣು ಒಂಟಿ. ಪಕ್ಕದ ಗುಂಪಿನಿಂದ ಹರೆಯದ ಗಂಡು ಬರಬೇಕೆಂದರೆ ನಡುವೆ ಕಾಲುವೆ, ಭತ್ತದ ಗದ್ದೆ, ಕಬ್ಬಿಣದ ಕಾರ್ಖಾನೆ, ದಾಳಿಂಬೆ ತೋಟದ ತಂತಿಬೇಲಿ. ಬೆದೆ ಕಾಯುವುದಿಲ್ಲ. ಆ ಕೆಲವೇ ದಿನಗಳಲ್ಲಿ ಅದರ ಸುತ್ತ ಸುಳಿಯುವ ಗಂಡೆಂದರೆ ನಾಯಿಯೇ. ಹಾಗಾಗಿ ಬೆರಕೆಯನ್ನು ನಾಯಿಯ ಅತಿಕ್ರಮಣ ಎಂದು ಮಾತ್ರ ನೋಡುವುದು ಅರ್ಧ ನೋಟ ಎಂದು ನನ್ನ ಬಲವಾದ ಅನಿಸಿಕೆ. ಒಂದು ಗಂಡು ತೋಳ ಸತ್ತಾಗಲೇ ಬೆರಕೆಯ ಮೊದಲ ಹೆಜ್ಜೆ ಬಿದ್ದಿರುತ್ತದೆ. ಕುರಿ ಹೋಯಿತೆಂಬ ಸಿಟ್ಟಿನಲ್ಲಿ ಇಟ್ಟ ವಿಷ, ಆ ಕುರುಬನಿಗೆ ಮುಂದೆ ನಾಯಿಯಂತೆ ಮನುಷ್ಯರಿಗೆ ಹೆದರದ, ತೋಳದಂತೆ ಬೇಟೆಯಾಡುವ ಪ್ರಾಣಿಯನ್ನು ಎದುರು ನಿಲ್ಲಿಸಬಹುದು.

ತಾಯಿ ತೋಳಕ್ಕೂ ಇದರಲ್ಲಿ ನಷ್ಟವೇ. ಗಂಡು ತೋಳ ಮರಿಗಳಿಗೆ ಬೇಟೆ ತಂದು ಕಕ್ಕಿ ತಿನ್ನಿಸುತ್ತದೆ, ಗವಿಯ ಬಾಯಿ ಕಾಯುತ್ತದೆ. ಗಂಡು ನಾಯಿ ಕೂಡಿ ಹೊರಟುಹೋಗುತ್ತದೆ. ಒಂಟಿ ತಾಯಿ ಮರಿಗಳನ್ನು ಬಿಟ್ಟು ದೂರ ಬೇಟೆಗೆ ಹೋಗಲಾರದೆ ಹತ್ತಿರದ ಹಟ್ಟಿಗೋ ಊರಾಚೆಯ ಗುಂಡಿಗೋ ಬರುತ್ತದೆ. ಮರಿಗಳೂ ಅದನ್ನೇ ಕಲಿಯುತ್ತವೆ.

ಕಳೆದುಕೊಳ್ಳುತ್ತಿರುವುದು ಏನು ಎಂದೂ ಹೇಳಬೇಕು. ಭಾರತದ ತೋಳ ಲೋಕದ ಅತಿ ಹಳೆಯ ತೋಳ ವಂಶಗಳಲ್ಲಿ ಒಂದು. ಹಿಮದ ನಾಡಿನ ತೋಳಗಳಿಂದ ಬಹು ಹಿಂದೆಯೇ ಕವಲೊಡೆದು, ಸುಡುಬಿಸಿಲಿಗೆ, ನೀರಿಲ್ಲದ ನೆಲಕ್ಕೆ, ಮೊಲ, ಕೃಷ್ಣಮೃಗ, ಕುರಿಮರಿಯ ಮೇಲೆ ಬದುಕುವುದಕ್ಕೆ ಒಗ್ಗಿಕೊಂಡದ್ದು. ದೇಶದಲ್ಲಿ ಉಳಿದಿರುವುದು ಸುಮಾರು 3,000 ಎಂಬ ಅಂದಾಜು. ನಾಯಿಗಳಾದರೋ ಕೋಟಿಗಟ್ಟಲೆ. ಒಂದು ಕೊಡ ಹಾಲಿಗೆ ಕೆರೆಯ ನೀರು ಸೇರಲು ಶುರುವಾದರೆ ಹಾಲು ಎಷ್ಟು ದಿನ ಹಾಲಾಗಿ ಉಳಿದೀತು?

ಕಯೋಟಿಯ ದಾರಿ

ಬೆರಕೆ ಪ್ರಾಣಿ ಹೊಸ ಸೀಮೆಗೆ ಹಬ್ಬುವುದು ಹೇಗೆ ಎಂಬುದಕ್ಕೆ ಎಲ್ಲರಿಗಿಂತ ಚೆನ್ನಾಗಿ ಸಾಕ್ಷಿ ಹೇಳುವುದು ಅಮೆರಿಕದ ಕಯೋಟಿ. ನಮ್ಮ ನರಿಗಿಂತ ತುಸು ದೊಡ್ಡ, ಪಶ್ಚಿಮದ ಬಯಲಿನ ಪ್ರಾಣಿ ಅದು. ಪೂರ್ವದ ಕಾಡುಗಳಲ್ಲಿ ತೋಳಗಳನ್ನು ಬಂದೂಕು, ಬಲೆ, ವಿಷ ಹಾಕಿ ಮುಗಿಸಿದ ಮೇಲೆ ಜಾಗ ಖಾಲಿಯಾಯಿತು, ಜಿಂಕೆಗಳು ಮಾತ್ರ ಉಳಿದವು. ಕಳೆದ ಶತಮಾನದಲ್ಲಿ ಕಯೋಟಿ ಪೂರ್ವಕ್ಕೆ ಹೊರಟಿತು. ಮಹಾ ಸರೋವರಗಳ ಉತ್ತರದ ದಾರಿ ಹಿಡಿದವುಗಳಿಗೆ ಅಲ್ಲಿ ಅಳಿದುಳಿದ ತೋಳಗಳು ಸಿಕ್ಕವು. ಒಂಟಿ ತೋಳ, ಮುಂದೆ ಮುಂದೆ ಹೋಗುತ್ತಿರುವ ಒಂಟಿ ಕಯೋಟಿ, ಎರಡಕ್ಕೂ ತಮ್ಮ ಜಾತಿಯ ಜೊತೆಯಿಲ್ಲ. ಹುಟ್ಟಿದ ಮರಿಗಳ ಮೈ ದೊಡ್ಡದು, ತಲೆಬುರುಡೆ ಅಗಲ, ದವಡೆ ಬಲ. ಜಿಂಕೆ ಹಿಡಿಯಬಲ್ಲವಾದ್ದರಿಂದ ಅವು ದಕ್ಷಿಣದ ದಾರಿ ಹಿಡಿದ ಬೆರಕೆಯಿಲ್ಲದ ಕಯೋಟಿಗಳಿಗಿಂತ ಹಲವು ಪಟ್ಟು ಬೇಗ ಹಬ್ಬಿದವು. ಇವತ್ತು ಈಶಾನ್ಯ ಅಮೆರಿಕದ ಪೂರ್ವ ಕಯೋಟಿಯ ವಂಶವಾಹಿಯಲ್ಲಿ ಹತ್ತರಲ್ಲಿ ಆರು ಭಾಗಕ್ಕಿಂತ ಹೆಚ್ಚು ಕಯೋಟಿ, ಸುಮಾರು ಕಾಲು ಭಾಗ ತೋಳ, ಹತ್ತರಲ್ಲೊಂದು ಭಾಗ ನಾಯಿ.

ಅದೇ ಕಥೆಯ ಇನ್ನೊಂದು ಮುಖ ಅಮೆರಿಕದ್ದೇ ಆದ ಕೆಂದೋಳದ್ದು (ರೆಡ್ ವುಲ್ಫ್). 1980ರ ಹೊತ್ತಿಗೆ ಕಾಡಿನಲ್ಲಿ ಅದು ಅಳಿದಿತ್ತು. ಹಿಡಿದು ತಂದವುಗಳಲ್ಲಿ ಬೆರಕೆಯಿಲ್ಲದವು ಎಂದು ಆರಿಸಿದ ಬರೀ 14 ಪ್ರಾಣಿಗಳಿಂದ ವಂಶ ಮುಂದುವರಿಸಿ 1987ರಲ್ಲಿ ಉತ್ತರ ಕ್ಯಾರೊಲಿನಾದಲ್ಲಿ ಮತ್ತೆ ಕಾಡಿಗೆ ಬಿಟ್ಟರು. ಸುತ್ತ ಕಯೋಟಿಗಳಿದ್ದವು, ಬೆರಕೆಯ ಭಯ ಮತ್ತೆ ಎದುರಾಯಿತು. ಆಗ ಅವರು ಮಾಡಿದ ಕೆಲಸ ನಮಗೂ ಪಾಠ. ಕಯೋಟಿಗಳನ್ನು ಕೊಂದರೆ ಖಾಲಿಯಾದ ಜಾಗಕ್ಕೆ ಬೇರೆ ಕಯೋಟಿ ಬರುತ್ತದೆ. ಬೀಜ ತೆಗೆದರೆ ಅದು ತನ್ನ ಸರಹದ್ದನ್ನು ಕಾಯುವ ಛಲವನ್ನೇ ಬಿಡಬಹುದು. ಆದ್ದರಿಂದ ಹಿಡಿದು, ಗಂಡಿನ ವೀರ್ಯನಾಳವನ್ನೂ ಹೆಣ್ಣಿನ ಅಂಡನಾಳವನ್ನೂ ಮಾತ್ರ ಕಟ್ಟಿ, ಅಲ್ಲೇ ಬಿಟ್ಟರು. ಅವು ತಮ್ಮ ಜಾಗ ಕಾದುಕೊಂಡು ಹೊಸ ಕಯೋಟಿಗಳನ್ನು ಅಟ್ಟುತ್ತವೆ, ಮರಿ ಮಾತ್ರ ಹಾಕುವುದಿಲ್ಲ. ತೋಳಗಳ ಸಂಖ್ಯೆ ಬೆಳೆದು ಅವೇ ಬಂದು ಜಾಗ ಹಿಡಿಯುವವರೆಗೆ ಕಯೋಟಿ ಆ ಜಾಗದ ಕಾವಲುಗಾರ.

ಊರಾಚೆಯ ಗುಂಡಿ

ಮುಂಗಾರಿನ ಮೊದಲ ಮಳೆ ಬಿದ್ದು ಹತ್ತು ಹದಿನೈದು ದಿನಕ್ಕೆ ಎಳೆಹುಲ್ಲು ಚಿಗುರುತ್ತದೆ. ಬೇಸಿಗೆಯೆಲ್ಲ ಬಣಗಿದ ಕುರಿ ಅದನ್ನು ಆಸೆಬುರುಕತನದಿಂದ ಮೇಯುತ್ತದೆ, ಕರುಳುಬೇನೆ ಬರುತ್ತದೆ. ಸಂಜೆ ಚೆನ್ನಾಗಿದ್ದ, ಹಿಂಡಿನಲ್ಲೇ ಮೈದುಂಬಿದ ಮರಿ ಬೆಳಗಾಗುವುದರೊಳಗೆ ಕಾಲು ಚಾಚಿ ಬಿದ್ದಿರುತ್ತದೆ. ಲಸಿಕೆ ತಪ್ಪಿದ ಹಿಂಡಾದರೆ ಒಂದೇ ವಾರಕ್ಕೆ ಹತ್ತು, ಹದಿನೈದು. ದುಃಖದಲ್ಲಿರುವ ಮನುಷ್ಯ ಅಷ್ಟಕ್ಕೂ ಗುಂಡಿ ತೋಡಲಾರ. ಕಾಲು ಹಿಡಿದು ಎಳೆದೊಯ್ದು ಹಳ್ಳದ ದಂಡೆಯ ಬಳ್ಳಾರಿ ಜಾಲಿಯ ಮರೆಯ ತಗ್ಗಿಗೆ ಎಸೆದು ಬರುತ್ತಾನೆ.

ಆ ಜಾಗವನ್ನು ಒಂದು ನಸುಕಿನಲ್ಲಿ ದೂರದಿಂದ ನೋಡಿದರೆ ಎಲ್ಲ ತಿಳಿಯುತ್ತದೆ. ಕತ್ತಲಿರುವಾಗಲೇ ಕತ್ತೆಕಿರುಬ ಬಂದು ತೊಡೆಯೆಲುಬು ಮುರಿದು ಹೊತ್ತೊಯ್ದಿರುತ್ತದೆ. ತೋಳ ಬಂದಿದ್ದರೆ ಹೊಟ್ಟೆ ಬಗೆದು ತಿಂದು, ಬೆಳಕು ಹರಿಯುವ ಮುನ್ನ ಬದು ಹಿಡಿದು ಹೋಗಿರುತ್ತದೆ. ನೆಲದ ಮೇಲೆ ಅದರ ಒಂದೇ ಸಾಲಿನ ಹೆಜ್ಜೆ, ಅದರ ಮೇಲೆ ಅಡ್ಡಾದಿಡ್ಡಿ ನಾಯಿಹೆಜ್ಜೆ. ಆರು ಗಂಟೆಗೆ ಊರ ಕಡೆಯಿಂದ ಐದಾರು ನಾಯಿ. ಅವುಗಳ ಕಾಲಿನಲ್ಲಿ ಆತುರವಿಲ್ಲ, ದಿನದ ಕೆಲಸಕ್ಕೆ ಬರುವವರ ಹಾಗೆ ಬರುತ್ತವೆ. ಕಾಗೆ, ಹದ್ದು ಆಮೇಲೆ. ಮೊದಲು ಈ ಸರದಿಯಲ್ಲಿ ರಣಹದ್ದುಗಳಿದ್ದವು. ಒಂದು ದನವನ್ನು ಗಂಟೆಯೊಳಗೆ ಎಲುಬು ಮಾಡಿಡುತ್ತಿದ್ದವು. ದನಗಳಿಗೆ ಕೊಟ್ಟ ಡೈಕ್ಲೋಫೆನಾಕ್ ನೋವಿನ ಮದ್ದು ಅವುಗಳ ಮೂತ್ರಪಿಂಡ ಕೆಡಿಸಿತು. 2006ರಲ್ಲಿ ಪಶುಗಳಿಗೆ ಅದನ್ನು ನಿಷೇಧಿಸುವ ಹೊತ್ತಿಗೆ ದೇಶದ ರಣಹದ್ದುಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮುಗಿದಿದ್ದವು. ಅವು ಬಿಟ್ಟುಹೋದ ಊಟ ನಾಯಿಗಳ ಪಾಲಾಯಿತು. ತೋಳವೂ ನಾಯಿಯೂ ಒಂದೇ ತಟ್ಟೆಗೆ ಬಾಯಿ ಹಾಕುವ ಜಾಗ ಈ ಗುಂಡಿ. ಡಿಸ್ಟೆಂಪರ್, ಪಾರ್ವೋ, ಹುಚ್ಚುನಾಯಿ ರೋಗ ದಾಟುವ ಜಾಗವೂ ಇದೇ. ಇಥಿಯೋಪಿಯಾದ ಬೇಲ್ ಬೆಟ್ಟಗಳಲ್ಲಿ ಕುರುಬರ ನಾಯಿಗಳಿಂದ ಬಂದ ರೇಬೀಸ್ 1990ರ ದಶಕದ ಆರಂಭದಲ್ಲೂ 2003ರಲ್ಲೂ ಅಲ್ಲಿನ ತೋಳಗಳನ್ನು ಗುಂಪುಗುಂಪಾಗಿ ಕೊಂದಿತು. ಗುಂಪು ಸತ್ತರೆ ಉಳಿಯುವುದು ಒಂಟಿ ತೋಳ, ಅಲ್ಲಿಂದ ಮತ್ತೆ ಬೆರಕೆಯ ದಾರಿ.

ಸತ್ತ ಕುರಿಯನ್ನು ಗುಂಡಿ ತೋಡಿ ಮುಚ್ಚುವುದು ಅಗ್ಗದ ಕೆಲಸ, ಆದರೆ ಸರಿಯಾಗಿ ಮಾಡದಿದ್ದರೆ ವ್ಯರ್ಥ. ಕುರಿಯ ಮೇಲೆ ಕನಿಷ್ಠ ಮೂರು ಅಡಿ ಮಣ್ಣು ಬೀಳಲೇಬೇಕು, ಅಂದರೆ ಗುಂಡಿ ಐದಾರು ಅಡಿ ಆಳ. ಬಾವಿ, ಬೋರ್‌ವೆಲ್, ಹಳ್ಳದಿಂದ ದೂರ. ಎರೆಭೂಮಿಯಲ್ಲಿ ಒಂದು ತೊಡಕಿದೆ: ಮಳೆಗಾಲದಲ್ಲಿ ಮುಚ್ಚಿದ ಗುಂಡಿ ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ, ವಾಸನೆ ಹೊರಬರುತ್ತದೆ, ನಾಯಿ ಕೆದರುತ್ತದೆ. ಅದಕ್ಕೆ ಮೇಲಿನ ಒಂದು ಅಡಿಗೆ ಮೊರಂ ಮಣ್ಣು ತುಂಬಿ ತುಳಿಯಬೇಕು, ನಡುವೆ ಒಂದೆರಡು ಬುಟ್ಟಿ ಸುಣ್ಣ. ಮಸಾರಿ ನೆಲದಲ್ಲಿ ಎರಡು ಅಡಿಗೇ ಬಂಡೆ ಸಿಗುತ್ತದೆ, ಗುದ್ದಲಿಗೆ ಬಗ್ಗುವುದಿಲ್ಲ. ಅಲ್ಲಿ ಪಂಚಾಯಿತಿ ಬೇಸಿಗೆಯಲ್ಲೇ ಜೆಸಿಬಿ ತಂದು ಒಂದು ಉದ್ದನೆಯ ತಗ್ಗು ತೋಡಿಸಿ, ತೆಗೆದ ಮಣ್ಣನ್ನು ಪಕ್ಕದಲ್ಲೇ ಇಟ್ಟರೆ, ಕುರಿ ಸತ್ತಾಗ ತುದಿಯಿಂದ ಒಂದೊಂದಾಗಿ ಮುಚ್ಚುತ್ತ ಬರಬಹುದು. ಮೇಲೆ ಬಳ್ಳಾರಿ ಜಾಲಿಯ ಮುಳ್ಳುಕಂಟಿ, ಅದರ ಮೇಲೆ ಕಲ್ಲು. ಹೊಟ್ಟೆ ಉಬ್ಬಿ ಮಣ್ಣು ಮೇಲೇಳದಿರಲಿ ಎಂದು ಕೆಲವರು ಹೊಟ್ಟೆ ಸೀಳಿ ಹೂಳುತ್ತಾರೆ. ಸತ್ತ ಕುರಿಯ ಮೂಗು, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬಂದಿದ್ದರೆ ಮಾತ್ರ ಕತ್ತಿ ಮುಟ್ಟಿಸಲೇಬಾರದು. ಅದು ನೆರಡಿ ರೋಗ (ಆಂಥ್ರಾಕ್ಸ್) ಇರಬಹುದು, ಕೊಯ್ದರೆ ರೋಗಾಣುವಿನ ಬೀಜ ಆ ನೆಲದಲ್ಲಿ ದಶಕಗಟ್ಟಲೆ ಉಳಿಯುತ್ತದೆ. ಎಲ್ಲಕ್ಕಿಂತ ಮೊದಲು, ಕರುಳುಬೇನೆಯ ಲಸಿಕೆ ಮಳೆಗೆ ಮುಂಚೆಯೇ ಹಾಕಿಸಿದ್ದರೆ ಗುಂಡಿಯ ಮಾತೇ ಅರ್ಧ ಕಡಿಮೆಯಾಗುತ್ತದೆ.

ಹಟ್ಟಿ ನಾಯಿ ಯಾರ ಲೆಕ್ಕಕ್ಕೂ ಇಲ್ಲ

ಪ್ರಾಣಿ ಜನನ ನಿಯಂತ್ರಣ ನಿಯಮಗಳು 2023ರ ಪ್ರಕಾರ ಬೀದಿನಾಯಿಗಳ ಸಂತಾನಹರಣ, ಲಸಿಕೆ ಸ್ಥಳೀಯ ಸಂಸ್ಥೆಗಳ ಹೊಣೆ. ನಗರದಲ್ಲಿ ಅದು ಹೇಗೋ ನಡೆಯುತ್ತದೆ. ಹಟ್ಟಿ ನಾಯಿ ಬೀದಿಯದ್ದಲ್ಲ, ಮನೆಯದ್ದೂ ಅಲ್ಲ. ಮಸ್ಕಿಯಲ್ಲಿ ಹುಟ್ಟಿ, ಕುಷ್ಟಗಿಯಲ್ಲಿ ಬೆಳೆದು, ಸಿರುಗುಪ್ಪದ ಹೊಲದಲ್ಲಿ ಕಾರ್ತಿಕ ಕಳೆಯುತ್ತದೆ. ಯಾವ ಪಂಚಾಯಿತಿಯ ಎಣಿಕೆಗೂ ಬರುವುದಿಲ್ಲ. ತೋಳಕ್ಕೆ ಎಲ್ಲಕ್ಕಿಂತ ಹತ್ತಿರದ ನಾಯಿ ಇದೇ ಆಗಿರುವುದರಿಂದ, ಪೇಟೆಯ ಸಾವಿರ ನಾಯಿಗಿಂತ ಹಟ್ಟಿಯ ನೂರು ನಾಯಿ ಈ ವಿಷಯದಲ್ಲಿ ಮುಖ್ಯ. ಕುರುಬರು ನಾಯಿ ಬಿಡಬೇಕು ಎಂದು ಯಾರೂ ಹೇಳಕೂಡದು. ನಾಯಿಯಿಲ್ಲದ ಹಟ್ಟಿಗೆ ತೋಳ ಬೀಳುತ್ತದೆ, ತೋಳ ಬಿದ್ದರೆ ವಿಷ ಬೀಳುತ್ತದೆ.

ಸಂತಾನಹರಣಕ್ಕೆ ಸರಿಯಾದ ಕಾಲ ಶ್ರಾವಣ, ಭಾದ್ರಪದ. ಬೆದೆಯಲ್ಲಿರುವ ಹೆಣ್ಣುನಾಯಿಯ ಗರ್ಭಕೋಶದ ರಕ್ತನಾಳಗಳು ಉಬ್ಬಿರುತ್ತವೆ, ಕೊಯ್ದರೆ ರಕ್ತ ನಿಲ್ಲಿಸುವುದು ಕಷ್ಟ, ವೈದ್ಯರು ಒಪ್ಪುವುದಿಲ್ಲ. ಗಂಡಿನದ್ದು ಇನ್ನೊಂದು ಲೆಕ್ಕ. ಬೀಜ ತೆಗೆದ ಮೇಲೂ ನಾಳದಲ್ಲಿ ಉಳಿದ ವೀರ್ಯದಿಂದ ಕೆಲವು ವಾರ ಗರ್ಭ ಕಟ್ಟಿಸಬಲ್ಲದು. ದೀಪಾವಳಿಗೆ ಶಸ್ತ್ರಚಿಕಿತ್ಸೆ ಮಾಡಿಸಿದರೆ ಆ ವರ್ಷಕ್ಕೆ ಉಪಯೋಗವಿಲ್ಲ. ಹಿಂದಿನ ರಾತ್ರಿಯಿಂದ ಹನ್ನೆರಡು ತಾಸು ಉಪವಾಸ, ಆಮೇಲೆ ಹೊಲಿಗೆ ಮಾಗುವವರೆಗೆ ನಾಲ್ಕೈದು ದಿನ ಒಣಜಾಗ. ಮಳೆಗಾಲದ ಕೆಸರಿನಲ್ಲಿ ಹಿಂಡಿನ ಹಿಂದೆ ಅಟ್ಟಿದರೆ ಗಾಯಕ್ಕೆ ಹುಳ ಬೀಳುತ್ತದೆ. ಒಮ್ಮೆ ಹೀಗಾದರೆ ಆ ಕುರುಬ ಮತ್ತೊಂದು ನಾಯಿಯನ್ನು ಎಂದೂ ಕೊಡುವುದಿಲ್ಲ, ಪಕ್ಕದ ಹತ್ತು ಹಟ್ಟಿಗೂ ಸುದ್ದಿ ಮುಟ್ಟುತ್ತದೆ. "ಬೀಜ ತೆಗೆದ್ರ ನಾಯಿ ಮೆತ್ತಗಾಗ್ತೈತ್ರಿ, ಹಟ್ಟಿ ಕಾಯೂದಿಲ್ಲ" ಎನ್ನುವ ಅಳುಕೂ ಸಹಜ. ಹಟ್ಟಿ ಕಾಯುವ ಗುಣ ನಾಯಿಗೆ ಬರುವುದು ಹೆಚ್ಚಾಗಿ ಮರಿಯಿದ್ದಾಗಿನಿಂದ ಕುರಿಗಳ ನಡುವೆ ಬೆಳೆಯುವುದರಿಂದ. ಬೀಜ ತೆಗೆದದ್ದರಿಂದ ಕಡಿಮೆಯಾಗುವುದು ರಾತ್ರಿ ಹಟ್ಟಿ ಬಿಟ್ಟು ಹೆಣ್ಣಿನ ವಾಸನೆ ಹಿಡಿದು ಹೋಗುವ ಚಾಳಿ. ಇದನ್ನು ಅಧಿಕಾರಿಗಳು ಹೇಳಿದರೆ ನಾಟುವುದಿಲ್ಲ. ಮಾಡಿಸಿದ ಒಬ್ಬ ಕುರುಬ ಕುರಿಸಂತೆಯಲ್ಲಿ ಇನ್ನೊಬ್ಬನಿಗೆ ಹೇಳಬೇಕು.

ಲಸಿಕೆ ಇದರ ಜೊತೆಗೇ ಆಗಬೇಕು. ರೇಬೀಸ್ ಲಸಿಕೆ ಮೂರು ತಿಂಗಳ ಮರಿಗೆ ಶುರು, ಆಮೇಲೆ ವರ್ಷವರ್ಷ. ಡಿಸ್ಟೆಂಪರ್, ಪಾರ್ವೋ ಲಸಿಕೆ ಆರರಿಂದ ಎಂಟನೇ ವಾರಕ್ಕೆ ಮೊದಲು ಮಾಡಿ, ಮೂರು ನಾಲ್ಕು ವಾರಕ್ಕೊಮ್ಮೆ ಹದಿನಾರನೇ ವಾರದವರೆಗೆ. ಲಸಿಕೆಯನ್ನು 2ರಿಂದ 8 ಡಿಗ್ರಿಯೊಳಗೆ ಇಡಬೇಕು. ಕೊಪ್ಪಳದ ಪಶು ಆಸ್ಪತ್ರೆಯಿಂದ ಬೈಕಿನಲ್ಲಿ ಮೂವತ್ತು ಕಿಲೋಮೀಟರ್ ಒಯ್ಯುವಾಗ ಐಸ್ ಪ್ಯಾಕ್ ಇಲ್ಲದಿದ್ದರೆ ಸೂಜಿ ಚುಚ್ಚಿದ ಸಮಾಧಾನ ಮಾತ್ರ ಸಿಗುತ್ತದೆ. ಒಂದು ಪ್ರದೇಶದ ನಾಯಿಗಳಲ್ಲಿ ನೂರಕ್ಕೆ ಎಪ್ಪತ್ತಕ್ಕಾದರೂ ರೇಬೀಸ್ ಲಸಿಕೆ ಬಿದ್ದರೆ ರೋಗದ ಸರಪಳಿ ಕಡಿಯುತ್ತದೆ.

ಪರಿಹಾರದ ವಿಷಯದಲ್ಲಿ ಒಂದು ಮಾತು. ಕುರಿಯನ್ನು ತೋಳ ಕೊಂದರೆ ಅರಣ್ಯ ಇಲಾಖೆಯಿಂದ ಪರಿಹಾರ ಕೇಳಬಹುದು, ನಾಯಿ ಕೊಂದರೆ ಇಲ್ಲ. ತೋಳ ಸಾಮಾನ್ಯವಾಗಿ ಕುತ್ತಿಗೆ ಹಿಡಿಯುತ್ತದೆ, ಮರಿಯನ್ನಾದರೆ ಹೊತ್ತೊಯ್ಯುತ್ತದೆ. ನಾಯಿಗಳು ತೊಡೆ, ಪಕ್ಕೆ, ಕಿವಿ ಹರಿದು, ಹಲವು ಕುರಿಗಳನ್ನು ಗಾಯ ಮಾಡಿ ತಿನ್ನದೆ ಬಿಟ್ಟು ಹೋಗುತ್ತವೆ. ರಾತ್ರಿ ಸುತ್ತ ಕಟ್ಟುವ ಬಲೆಯೊಳಗೆ ಸಿಕ್ಕಿಕೊಂಡ ಹಿಂಡಿನಲ್ಲಿ ತೋಳವೂ ಒಂದಕ್ಕಿಂತ ಹೆಚ್ಚು ಕೊಲ್ಲುವುದುಂಟು, ಹಾಗಾಗಿ ಎಣಿಕೆ ನೋಡಿ ತೀರ್ಮಾನ ಮಾಡಬಾರದು, ಗಾಯ ನೋಡಬೇಕು. ಸತ್ತ ಕುರಿಯನ್ನು ಎಳೆದು ಸರಿಸುವ ಮುನ್ನವೇ ಕುತ್ತಿಗೆ, ತೊಡೆ, ಸುತ್ತಲಿನ ಹೆಜ್ಜೆ ಮೂರರ ಫೋಟೋ ತೆಗೆದು, ಹೆಜ್ಜೆಯ ಪಕ್ಕದಲ್ಲಿ ಬೆಂಕಿಪೊಟ್ಟಣ ಇಟ್ಟರೆ ಅಳತೆ ಸಿಗುತ್ತದೆ. ಪರಿಹಾರ ತಡವಾದಷ್ಟೂ ವಿಷದ ಪೊಟ್ಟಣ ಕೈಗೆ ಹತ್ತಿರವಾಗುತ್ತದೆ. ಈ ಸರಪಳಿಯಲ್ಲಿ ಸರ್ಕಾರ ಇವತ್ತೇ ಬಿಗಿ ಮಾಡಬಹುದಾದ ಕೊಂಡಿ ಇದು.

ಬರುವ ಕಾರ್ತಿಕಕ್ಕೆ ಹಟ್ಟಿಯ ಮಟ್ಟದಲ್ಲಿ ಆಗಬಹುದಾದದ್ದು ಇನ್ನೂ ಸರಳ. ಸಂಜೆ ಹಿಂಡು ತಿರುಗಿ ಬರುತ್ತಿದ್ದಂತೆ ಗೂಟ ಬಡಿದು ಬಲೆ ಎಳೆಯುತ್ತಾರೆ, ಬಲೆಯ ಕೆಳಗಿನ ಅಂಚಿಗೆ ಕಲ್ಲು ಹೇರುತ್ತಾರೆ, ಎಳೆಮರಿಗಳ ಮೇಲೆ ಬಿದಿರು ಬುಟ್ಟಿ ಬೋರಲು ಹಾಕುತ್ತಾರೆ. ಹೆಣ್ಣುನಾಯಿಗೆ ಬೆದೆಯ ಸೋರಿಕೆ ಕಂಡ ದಿನದಿಂದ ಮೂರು ವಾರ ಅದನ್ನೂ ಬಲೆಯ ಒಳಗೇ, ಬಂಡಿಯ ಗಾಲಿಗೆ ಸರಪಳಿ ಹಾಕಿ ಕಟ್ಟಬೇಕು. ಅದರ ವಾಸನೆಗೆ ಊರ ಗಂಡುನಾಯಿಗಳೆಲ್ಲ ಹಟ್ಟಿಯವರೆಗೆ ಬರುವುದು ತಪ್ಪುವುದಿಲ್ಲ, ಆದರೆ ಅದು ಬಯಲಿಗೆ ಹೋಗಿ ಅವುಗಳನ್ನು ತೋಳದ ದಿನ್ನೆಯವರೆಗೆ ಎಳೆದೊಯ್ಯುವುದು ತಪ್ಪುತ್ತದೆ. ಗಂಡುನಾಯಿಗೆ ರಾತ್ರಿಯೂಟವನ್ನು ಕತ್ತಲಾಗುವ ಮುನ್ನ ಹಟ್ಟಿಯಲ್ಲೇ ಹಾಕಬೇಕು. ಅರ್ಧ ಹೊಟ್ಟೆಯ ನಾಯಿ ಕಾವಲು ಬಿಟ್ಟು ಗುಂಡಿಗೆ ಹೋಗುತ್ತದೆ. ಒಂದೆರಡು ರೊಟ್ಟಿ, ಮಜ್ಜಿಗೆ ಬೆರೆಸಿದ ನುಚ್ಚು, ಬಲೆಯ ಅಂಚಿನಲ್ಲಿ ಒಂದು ಮಡಕೆ ನೀರು.